ಇಂದಿನ ಧಮ್ಮ ಚಿಂತನೆ: ಫೈನಲ್ ಸೋತ ಮರುದಿನ


13 ಏಪ್ರಿಲ್ 2025, ಭಾನುವಾರ



ನಿನ್ನೆ ರಾತ್ರಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್ ಫೈನಲ್ ನಡೆಯಿತು. ನಮ್ಮ ಬೆಂಗಳೂರು ಎಫ್‌ಸಿ ತಂಡ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತಿತು. ನಮ್ಮ ಗಡಿಭಾಗಕ್ಕೆ ಫುಟ್ಬಾಲ್ ಹೊಸದಲ್ಲ. ಇಲ್ಲಿಯ ಹುಡುಗರು ಕೊಲ್ಹಾಪುರದ ಶಾಹೂ ಸ್ಟೇಡಿಯಂಗೆ ಹೋಗಿ ತಾಲೀಮ್ ಮಂಡಳಗಳ ಆಟ ನೋಡಿ ಬರುತ್ತಾರೆ. ಬೆಂಗಳೂರಿಗೆ ಓದಲು, ದುಡಿಯಲು ಹೋದವರು ಕಂಠೀರವದಲ್ಲಿ ಗಂಟಲು ಹರಿಯುವಂತೆ ಕೂಗುತ್ತಾರೆ. ಹಾಗಾಗಿ "ಹಸಿವಿಲ್ಲ ಯವ್ವಾ" ಎಂದು ರೊಟ್ಟಿ ಮುಟ್ಟದೆ ಮಲಗಿದ ಮಗನೋ ಮಗಳೋ ನಮ್ಮ ಮನೆಗಳಲ್ಲೂ ಇರಬಹುದು. "ಒಂದು ಆಟಕ್ಕ ಇಷ್ಟ್ಯಾಕೋ?" ಎಂದು ಹಿರಿಯರು ನಗಬಹುದು. ದಯವಿಟ್ಟು ನಗಬೇಡಿ. ದುಃಖ ಚಿಕ್ಕದಾದರೂ ದುಃಖವೇ. ಚಿಕ್ಕ ದುಃಖವನ್ನು ನೋಡಲು ಕಲಿತವರಿಗೆ ದೊಡ್ಡದನ್ನು ಎದುರಿಸುವುದು ಸುಲಭ.

ಸೋತು ಊಟ ಬಿಟ್ಟ ಒಬ್ಬ ರಾಜನ ಕಥೆ ಧಮ್ಮಪದದ ಅಟ್ಠಕಥೆಯಲ್ಲಿದೆ. ಕೋಸಲದ ಪಸೇನದಿ ಕಾಸಿಯ ಒಂದು ಗ್ರಾಮಕ್ಕಾಗಿ ತನ್ನ ಸೋದರಳಿಯ ಅಜಾತಶತ್ರುವಿನೊಂದಿಗೆ ಯುದ್ಧಕ್ಕೆ ಹೋದ. ಮೂರು ಸಲ ಸೋತ. ನಿನ್ನೆ ಮೊನ್ನೆಯ ಹುಡುಗನನ್ನು ಗೆಲ್ಲಲಾಗಲಿಲ್ಲವಲ್ಲ ಎಂಬ ಅವಮಾನಕ್ಕೆ ಅನ್ನ ಬಿಟ್ಟು ಹಾಸಿಗೆ ಹಿಡಿದ. ಭಿಕ್ಖುಗಳು ಈ ಸುದ್ದಿ ತಂದಾಗ ಭಗವಾನ್ ಬುದ್ಧರು ಗೆದ್ದವನನ್ನು ಹೊಗಳಲಿಲ್ಲ, ಸೋತವನನ್ನು ಹೀಯಾಳಿಸಲೂ ಇಲ್ಲ. ಗೆಲುವಿನಿಂದ ವೈರ ಬೆಳೆಯುವುದನ್ನೂ ಸೋಲಿನಿಂದ ನೋವು ಬೆಳೆಯುವುದನ್ನೂ ಒಟ್ಟಿಗೆ ತೋರಿಸಿ, ಎರಡನ್ನೂ ಕೆಳಗಿಟ್ಟ ಮನಸ್ಸಿನ ನೆಮ್ಮದಿಯನ್ನು ಹೇಳಿದರು.

ಈಗ ನಿನ್ನೆಯ ಆಟವನ್ನು ನೋಡೋಣ. 49ನೇ ನಿಮಿಷದಲ್ಲಿ ನಮಗೆ ಸಿಕ್ಕ ಗೋಲು ನಮ್ಮವರು ಹೊಡೆದದ್ದಲ್ಲ. ಎದುರು ತಂಡದ ಆಟಗಾರನೇ ತಪ್ಪಿ ತನ್ನ ಬಲೆಗೆ ಹೊಡೆದದ್ದು. ಆಗ ನಾವು ಕುಣಿದೆವು. 72ನೇ ನಿಮಿಷದಲ್ಲಿ, ನಮ್ಮ ಆಟಗಾರನ ಕೈಗೆ ಚೆಂಡು ತಗುಲಿದ್ದಕ್ಕೆ ಸಿಕ್ಕ ಪೆನಾಲ್ಟಿಯನ್ನು ಅವರು ಗೋಲು ಮಾಡಿದರು. ಕೂಡಲೇ ರೆಫರಿ ಕಳ್ಳನಾದ, ಆಟಗಾರ ದ್ರೋಹಿಯಾದ. 96ನೇ ನಿಮಿಷದಲ್ಲಿ ಎರಡನೇ ಗೋಲು ಬಿದ್ದಾಗ ಬೈಗುಳಕ್ಕೆ ಮಿತಿ ಉಳಿಯಲಿಲ್ಲ. ಅವರ ತಪ್ಪು ನಮ್ಮ ಹಬ್ಬ, ನಮ್ಮ ತಪ್ಪು ಮೋಸ! ತಕ್ಕಡಿ ಹೀಗೆ ವಾಲುವುದಕ್ಕೇ ಧಮ್ಮ ಮೋಹ ಎನ್ನುತ್ತದೆ. ಏಪ್ರಿಲ್ 6ರ ಸೆಮಿಫೈನಲ್‌ನಲ್ಲಿ ಸುನಿಲ್ ಛೆಟ್ರಿ ಕೊನೆಯ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ಗೋವಾ ತಂಡವನ್ನು ಹೊರಗೆ ಹಾಕಿದರು. ಆ ರಾತ್ರಿ ಗೋವಾದ ಯಾವುದೋ ಮನೆಯಲ್ಲೂ ಒಂದು ತಟ್ಟೆ ಹಾಗೇ ಉಳಿದಿರಬೇಕು. ನಮಗೆ ಅದು ನೆನಪಾಗಿತ್ತೇ?

ಇನ್ನೊಂದು ಮಾತು ಕೇಳಿಬರುತ್ತದೆ: "ನಮ್ಮ ಟೀಮಿನ ಹಣೆಬರಹಾನೇ ಇಷ್ಟು." ಈ ಲೀಗ್‌ನಲ್ಲಿ ಬೆಂಗಳೂರು ನಾಲ್ಕು ಫೈನಲ್ ಆಡಿ ಮೂರರಲ್ಲಿ ಸೋತಿದೆ ನಿಜ. 2018ರಲ್ಲಿ ತನ್ನ ಮನೆಯಂಗಳ ಕಂಠೀರವದಲ್ಲೇ ಚೆನ್ನೈಯಿನ್ ಎದುರು 3–2, 2023ರಲ್ಲಿ ಗೋವಾದಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ 4–3, ಈಗ ಇದು. ಆದರೆ 2019ರಲ್ಲಿ ಮುಂಬೈಯಲ್ಲಿ ಇದೇ ತಂಡ ಕಪ್ ಎತ್ತಿತ್ತು. ಹಣೆಬರಹವಾಗಿದ್ದರೆ ಆ ವರ್ಷ ಅದು ಎಲ್ಲಿಗೆ ಹೋಗಿತ್ತು? ಪ್ರತಿ ಸೋಲಿಗೂ ಕಾರಣಗಳಿರುತ್ತವೆ. ಹುಡುಕಿದರೆ ಸಿಗುತ್ತವೆ, ತಿದ್ದಿದರೆ ಫಲ ಬದಲಾಗುತ್ತದೆ. ಪಟಿಚ್ಚಸಮುಪ್ಪಾದ ಹೇಳುವುದೂ ಇದನ್ನೇ. "ಇದು ನಿಮ್ಮ ಹಣೆಬರಹ, ಹಿಂದಿನ ಜನ್ಮದ ಫಲ" ಎಂದು ಹೇಳಿಯೇ ನಮ್ಮ ಮುತ್ತಜ್ಜರನ್ನು ಊರಾಚೆ ಇಟ್ಟರು. ಆ ಮಾತನ್ನು ಒದ್ದು ಹೊರಬಂದವರು ನಾವು. ತಮಾಷೆಗೂ ಅದನ್ನು ನಮ್ಮ ಮಕ್ಕಳ ಬಾಯಿಗೆ ಮರಳಿ ತರಬಾರದು.

ನಾಳೆ ಬಾಬಾಸಾಹೇಬರ ಜಯಂತಿ. ಸಂವಿಧಾನ ಬರೆದ ಅವರೇ 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಮುಂಬೈಯಲ್ಲಿ ನಾರಾಯಣ ಕಾಜರೋಳಕರ್ ಎದುರು ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಇವು ಆಟದ ಸೋಲುಗಳಲ್ಲ. ಆಮೇಲೆ ಏನಾಯಿತು? 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಕಟ್ಟಿದರು. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದ ಬರವಣಿಗೆ ಬಿಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರನ್ನು ಧಮ್ಮಕ್ಕೆ ತಂದರು. ಎರಡು ಸೋಲುಗಳ ನಂತರದ ಆ ದುಡಿಮೆಯಿಂದಲೇ ಇಂದು ನಾವು ಒಬ್ಬರಿಗೊಬ್ಬರು ನಮೋ ಬುದ್ಧಾಯ ಎನ್ನುತ್ತಿದ್ದೇವೆ.

ಹಾಗೆಂದು ಎಲ್ಲ ಸೋಲನ್ನೂ ನುಂಗಿಕೊಂಡು ಸುಮ್ಮನಿರುವುದು ಧಮ್ಮವೆಂದು ತಿಳಿಯಬೇಡಿ. ರೆಫರಿ ಕೊನೆಯ ಸೀಟಿ ಊದಿದ ಮೇಲೆ ಆಟ ಮುಗಿಯಿತು, ಅದನ್ನು ಬಿಡಬಹುದು. ಕೆರೆ, ಬಾವಿ, ಗುಡಿ, ಶಾಲೆಗಳಲ್ಲಿ ನಡೆದ ಅನ್ಯಾಯ ಆಟವಲ್ಲ. ಅದನ್ನು ಬಿಡಬಾರದು. ನೂರು ವರ್ಷಗಳ ಹಿಂದೆ, 1925ರ ಇದೇ ಏಪ್ರಿಲ್ ತಿಂಗಳಲ್ಲಿ, ಬಾಬಾಸಾಹೇಬರು ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತನಾಡಿದ್ದು ಜನರನ್ನು ಎಚ್ಚರಿಸುವುದಕ್ಕೆ. ಹುಡುಗರೇ, ರಾತ್ರಿಯಿಡೀ ಮೊಬೈಲಿನಲ್ಲಿ ಬಂಗಾಳದವರನ್ನು ಬೈಯಲು ಸುರಿದ ಶಕ್ತಿಯಲ್ಲಿ ಅರ್ಧ ಉಳಿದಿದ್ದರೂ ನಿಮ್ಮ ಕೇರಿಯ ಒಬ್ಬ ಮಗುವಿನ ವಿದ್ಯಾರ್ಥಿವೇತನದ ಅರ್ಜಿ ತುಂಬಬಹುದಿತ್ತು.

ಇಂದಿನ ಅಭ್ಯಾಸ:

1. ಬೈದು ಹಾಕಿದ ಸ್ಟೇಟಸ್ ಇದ್ದರೆ ಅಳಿಸಿ. ಸಮ್ಮಾ ವಾಚಾ ಬೆರಳಿಗೂ ಅನ್ವಯಿಸುತ್ತದೆ.
2. "ಸೋತ ದುಃಖಕ್ಕೆ ಒಂದಿಷ್ಟು" ಎಂದು ಗೆಳೆಯರು ಬಾಟಲಿ ತಂದರೆ 22 ಪ್ರತಿಜ್ಞೆಗಳನ್ನು ನೆನೆಯಿರಿ. ನಾಳೆಯ ಮೆರವಣಿಗೆಗೂ ಇದೇ ಮಾತು.
3. ಹತ್ತು ನಿಮಿಷ ಉಸಿರನ್ನು ಗಮನಿಸುತ್ತ ಕುಳಿತುಕೊಳ್ಳಿ. ಸಿಟ್ಟು ಬಂದರೆ "ಇದು ಸಿಟ್ಟು" ಎಂದು ಗುರುತಿಸಿ. ಅದು ಬರುವುದನ್ನೂ ಹೋಗುವುದನ್ನೂ ನೋಡಿ.
4. ಗೆದ್ದ ತಂಡದ ಅಭಿಮಾನಿ ಗೆಳೆಯನಿದ್ದರೆ ಫೋನ್ ಮಾಡಿ, "ಚಲೋ ಆಡಿದ್ರಪಾ" ಎನ್ನಿ. ಮೊದಲು ಕಷ್ಟ, ಆಮೇಲೆ ಹಗುರ.

ಆಮೇಲೆ ಅವ್ವ ಬಡಿಸಿದ್ದನ್ನು ಹೊಟ್ಟೆ ತುಂಬ ಉಣ್ಣಿ. ಆಕೆ ಯಾವ ತಂಡದವಳೂ ಅಲ್ಲ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್ 🙏