ಸೋತ ಆಟವನ್ನು ಮತ್ತೆ ತೆರೆಯಿರಿ



ರಾತ್ರಿಯ ಊಟ ಮುಗಿದು, ಜಪಸರವೂ ಮುಗಿದ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಚದುರಂಗದ ಹಾಸೊಂದು ತೆರೆದುಕೊಳ್ಳುತ್ತದೆ. ಅದು ಮರದ ಹಾಸಲ್ಲ, ಅಂಗೈಯಗಲದ ಮೊಬೈಲ್ ಪರದೆ. ಎದುರಾಳಿ ಪಕ್ಕದ ಮನೆಯವನಲ್ಲ. ಬ್ರೆಜಿಲ್‌ನಲ್ಲಿಯೋ ಪೋಲೆಂಡ್‌ನಲ್ಲಿಯೋ ಕುಳಿತಿರುವ, ಮುಖ ಕಾಣದ ಯಾರೋ ಒಬ್ಬರು. 2007ರಲ್ಲಿ ಚೆಸ್ ಡಾಟ್ ಕಾಮ್, 2010ರಲ್ಲಿ ಲಿಚೆಸ್ ಎಂಬ ತಾಣಗಳು ಆರಂಭವಾದವು. 2020ರ ಕೊರೋನಾ ದಿನಗಳಲ್ಲಿ ಬಾಗಿಲು ಮುಚ್ಚಿ ಕುಳಿತ ಜನರು ಈ ತಾಣಗಳಿಗೆ ಹರಿದು ಬಂದರು. 2024ರ ಡಿಸೆಂಬರಿನಲ್ಲಿ ಚೆನ್ನೈನ 18 ವರ್ಷದ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟವನ್ನೂ ಗೆದ್ದರು.

ನಮ್ಮ ಈ ವಾರದ ಚಿಂತನೆ ಅಂಥ ವೀರರನ್ನು ಕುರಿತದ್ದಲ್ಲ. ಕೆಲಸ, ಓದು, ಮನೆವಾರ್ತೆಗಳ ನಡುವೆ ದಿನಕ್ಕೆ ಎರಡು ಆಟ ಆಡುವ, ಮೇಲೇರಬೇಕೆಂಬ ಆಸೆಯುಳ್ಳ, ಸೋತಾಗ ನಿದ್ದೆಗೆಡುವ ಸಾಮಾನ್ಯ ಆಟಗಾರನನ್ನು ಕುರಿತದ್ದು. ಅವನು ನಿಮ್ಮ ಮಗನಿರಬಹುದು, ಪತಿಯಿರಬಹುದು, ನೀವೇ ಆಗಿರಬಹುದು.

ಈ ತಾಣಗಳಲ್ಲಿ ಪ್ರತಿಯೊಬ್ಬನ ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ರೇಟಿಂಗ್ ಎನ್ನುತ್ತಾರೆ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾಡ್ ಎಲೋ ರೂಪಿಸಿದ ಲೆಕ್ಕವನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟ 1970ರಲ್ಲಿ ಒಪ್ಪಿಕೊಂಡಿತು. ಇಂದಿನ ತಾಣಗಳು ಅದೇ ತತ್ತ್ವವನ್ನು ಸುಧಾರಿಸಿ ಬಳಸುತ್ತಿವೆ. ಗೆದ್ದರೆ ಸಂಖ್ಯೆ ಏರುತ್ತದೆ, ಸೋತರೆ ಇಳಿಯುತ್ತದೆ. ಎದುರಾಳಿಗಿಂತ 200 ಅಂಕ ಮೇಲಿರುವವನು ನೂರು ಆಟಗಳಲ್ಲಿ ಸುಮಾರು 76 ಅಂಕ ಗಳಿಸುವನೆಂದು ಈ ಲೆಕ್ಕ ಹೇಳುತ್ತದೆ. ಆದರೆ ತಾಣವು ಸಾಮಾನ್ಯವಾಗಿ ಅಂಥ ಜೋಡಿಯನ್ನು ಕೂಡಿಸುವುದಿಲ್ಲ. ನಿಮ್ಮ ಸಂಖ್ಯೆಗೆ ಹತ್ತಿರವಿರುವವರನ್ನೇ ಹುಡುಕಿ ನಿಮ್ಮ ಎದುರು ಕೂರಿಸುತ್ತದೆ.

ಇದರ ಪರಿಣಾಮವೇನೆಂದು ಯೋಚಿಸಿದ್ದೀರಾ? 800 ಅಂಕದಲ್ಲಿದ್ದಾಗ ನೀವು ಹೆಚ್ಚುಕಡಿಮೆ ಅರ್ಧ ಆಟಗಳನ್ನು ಸೋಲುತ್ತೀರಿ. ಎರಡು ವರ್ಷ ಶ್ರಮಪಟ್ಟು 1200ಕ್ಕೆ ಏರಿದರೂ ಅರ್ಧ ಆಟಗಳನ್ನು ಸೋಲುತ್ತೀರಿ. ಸೋಲನ್ನು ಮಾತ್ರ ಎಣಿಸುವವನಿಗೆ ತಾನು ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲವೆಂದು ತೋರುತ್ತದೆ. ನಿಜವಾಗಿ ಬದಲಾಗಿರುವುದು ಅವನನ್ನು ಸೋಲಿಸುವವರು. ಹಿಂದೆ ಬರಿಗಣ್ಣಿಗೆ ಕಾಣುವ ಬಲೆಗೆ ಬೀಳುತ್ತಿದ್ದವನು ಈಗ ಸೂಕ್ಷ್ಮವಾದ ಬಲೆಗೆ ಬೀಳುತ್ತಿದ್ದಾನೆ.

"ಇಷ್ಟು ವರ್ಷಗಳಿಂದ ಪಾಪನಿವೇದನೆಗೆ ಹೋಗುತ್ತಿದ್ದೇನೆ, ಇನ್ನೂ ಬೀಳುತ್ತಲೇ ಇದ್ದೇನಲ್ಲ" ಎಂದು ಕೊರಗುವ ಭಕ್ತರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಬಂಧುಗಳೇ, ಧೈರ್ಯ ತಂದುಕೊಳ್ಳಿ. ಹಿಂದೆ ನಿಮ್ಮ ಗಮನಕ್ಕೇ ಬಾರದಿದ್ದ ಒಂದು ಕಟುಮಾತು ಇಂದು ನಿಮ್ಮನ್ನು ಚುಚ್ಚುತ್ತಿದ್ದರೆ, ಅದು ನೀವು ಹಿಂದೆ ಸರಿದ ಗುರುತಲ್ಲ. ಬೆಳಕು ಹೆಚ್ಚಿದ ಕೋಣೆಯಲ್ಲಿ ಧೂಳು ಹೆಚ್ಚು ಕಾಣುತ್ತದೆ.

ಹಾಗಾದರೆ ಸೋಲು ತಪ್ಪದು. ಸೋತ ಮೇಲೆ ಏನು ಮಾಡುತ್ತೇವೆ ಎಂಬುದೇ ಪ್ರಶ್ನೆ. ಸೋತ ಆಟಗಾರನ ಮುಂದೆ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು, ಸಿಟ್ಟಿನಿಂದ ಕೂಡಲೇ ಇನ್ನೊಂದು ಆಟ. ಐದು ನಿಮಿಷದ ಆಟ ಸೋತವನು ಕಳೆದ ಅಂಕಗಳನ್ನು ಈಗಲೇ ಹಿಂದೆ ಪಡೆಯಬೇಕೆಂದು ಗುಂಡಿ ಒತ್ತುತ್ತಾನೆ. "ಇದೊಂದೇ ಆಟ" ಎನ್ನುತ್ತ ರಾತ್ರಿ ಒಂದು ಗಂಟೆಯಾಗುತ್ತದೆ. ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದು, ಗದರಿಸಿಕೊಂಡು ಹಿಂದಿರುಗಿದ್ದಾಳೆ. 11ನೇ ಶತಮಾನದಲ್ಲಿ ಫ್ಲಾರೆನ್ಸಿನ ಬಿಷಪರು ಪ್ರಯಾಣದ ನಡುವೆ ತಂಗಿದಲ್ಲಿ ಚದುರಂಗ ಆಡುತ್ತ ಕುಳಿತರೆಂದು ಸಂತ ಪೀಟರ್ ಡೇಮಿಯನ್ ಅವರನ್ನು ಕಟುವಾಗಿ ಖಂಡಿಸಿದರು. ಇದು ಪಗಡೆಯಂಥ ದಾಳದ ಆಟವಲ್ಲವೆಂದು ಬಿಷಪರು ವಾದಿಸಿದರೂ ಅವರು ಒಪ್ಪಲಿಲ್ಲ. ಕೀರ್ತನೆಗಳನ್ನು ಆದ್ಯಂತವಾಗಿ ಮೂರು ಬಾರಿ ಪಠಿಸಬೇಕು, ಹನ್ನೆರಡು ಮಂದಿ ಬಡವರ ಪಾದ ತೊಳೆದು ದಾನ ಕೊಡಬೇಕು ಎಂದು ಪ್ರಾಯಶ್ಚಿತ್ತ ವಿಧಿಸಿದರು. ಆಟವೇ ಪಾಪವೆಂದು ಇಂದು ಯಾರೂ ಹೇಳುವುದಿಲ್ಲ. ಆದರೆ ಆ ಪ್ರಾಯಶ್ಚಿತ್ತದ ಮರ್ಮವನ್ನು ನೋಡಿ: ಕಾಯಿಗಳಲ್ಲಿ ಮುಳುಗಿದ್ದ ಕೈಗಳನ್ನು ಅವರು ಮನುಷ್ಯರ ಕಡೆಗೆ ತಿರುಗಿಸಿದರು.

ಎರಡನೆಯ ಬಾಗಿಲು, ನೆಪ. ನೆಟ್‌ವರ್ಕ್ ಸರಿಯಿರಲಿಲ್ಲ, ಬೆರಳು ಜಾರಿತು, ಎದುರಾಳಿ ಮೋಸಗಾರನಿರಬೇಕು. ಮೂರನೆಯದು ಇನ್ನೂ ಅಪಾಯಕಾರಿ, ಆ ಮೋಸವನ್ನು ತಾನೇ ಮಾಡುವುದು. ಯಾವ ಮನುಷ್ಯನನ್ನೂ ಸೋಲಿಸಬಲ್ಲ ಸ್ಟಾಕ್‌ಫಿಶ್‌ನಂಥ ಗಣಕ ತಂತ್ರಾಂಶ ಇಂದು ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಆಟದ ನಡುವೆ ಗುಟ್ಟಾಗಿ ಅದನ್ನು ಕೇಳಿದರೆ ಗೆಲುವು ಖಚಿತ. ಕೋಣೆಯಲ್ಲಿ ಯಾರೂ ಇಲ್ಲ. ತಾಣಗಳು ನಡೆಗಳನ್ನು ಹೋಲಿಸಿ ನೋಡಿ ಮೋಸಗಾರರ ಖಾತೆ ಮುಚ್ಚುತ್ತವೆ, ನಿಜ. ಆದರೆ ಯಾರೂ ಹಿಡಿಯದಿದ್ದರೂ ಅವನಿಗೆ ದಕ್ಕಿದ್ದೇನು? ಆ 1800 ಅಂಕ ಅವನದಲ್ಲ. ಅಂತರಂಗವನ್ನು ಕಾಣುವ ತಂದೆಯ ಮುಂದೆ ಆ ಸಂಖ್ಯೆಗೆ ಬೆಲೆಯೂ ಇಲ್ಲ.

ನಾಲ್ಕನೆಯ ಬಾಗಿಲನ್ನು ತಟ್ಟುವವರು ಕಡಿಮೆ. ಅದು, ಸೋತ ಆಟವನ್ನು ಮತ್ತೆ ತೆರೆದು ಮೊದಲಿನಿಂದ ನೋಡುವುದು. ತಾಣವು ಪ್ರತಿಯೊಂದು ನಡೆಯನ್ನೂ ಕಾಪಿಟ್ಟಿರುತ್ತದೆ. ಆಟದ ನಡುವೆ ಕೇಳಿದರೆ ಮೋಸವಾಗುವ ಆ ಗಣಕವನ್ನೇ ಆಟ ಮುಗಿದ ಮೇಲೆ ಕೇಳಿದರೆ ಅದು ಗುರುವಾಗುತ್ತದೆ. ತಪ್ಪು ನಡೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಘೋರ ತಪ್ಪಿಗೆ ಎರಡು. ಇಪ್ಪತ್ತು ಸೋಲುಗಳನ್ನು ಹೀಗೆ ನೋಡಿದ ಸಾಮಾನ್ಯ ಆಟಗಾರನಿಗೆ ಅಚ್ಚರಿ ಕಾದಿರುತ್ತದೆ. ಅವನಿಗೆ ಗೊತ್ತಿಲ್ಲದ ಗಹನ ತಂತ್ರಗಳಿಂದ ಸೋತದ್ದು ಕಡಿಮೆ. ಕುದುರೆಯನ್ನು ಕಾವಲಿಲ್ಲದೆ ಬಿಟ್ಟದ್ದು, ಎದುರಾಳಿಯ ಒಂಟೆ ಎಲ್ಲಿಗೆ ಗುರಿಯಿಟ್ಟಿದೆಯೆಂದು ನೋಡದೆ ಹೋದದ್ದು, ಇವೇ ಮತ್ತೆ ಮತ್ತೆ. ತನ್ನ ಹಂಚಿಕೆಯಲ್ಲೇ ಮುಳುಗಿ, ಎದುರಿಗಿರುವವನ ಕೊನೆಯ ನಡೆ ಏನು ಹೇಳುತ್ತಿದೆಯೆಂದು ಅವನು ಕೇಳಿಸಿಕೊಂಡಿರಲಿಲ್ಲ. ಇಷ್ಟನ್ನು ಕಂಡುಕೊಂಡವನು ಮೇಲೇರುತ್ತಾನೆ.

ಈ ಬಾಗಿಲಿನಲ್ಲಿ ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಆವಿಲಾದ ಸಂತ ತೆರೇಸಮ್ಮನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸ್ಪೇನ್‌ನ ಆವಿಲಾದಲ್ಲಿ 1515ರಲ್ಲಿ ಹುಟ್ಟಿದ ಅವರು ತಮ್ಮ ಮಠದ ಸಹೋದರಿಯರಿಗಾಗಿ ಬರೆದ 'ಪರಿಪೂರ್ಣತೆಯ ಮಾರ್ಗ'ದ ಮೊದಲ ಹಸ್ತಪ್ರತಿಯಲ್ಲಿ ಚದುರಂಗದ ಹೋಲಿಕೆ ಕೊಟ್ಟರು. ಮಠದಲ್ಲಿ ಈ ಆಟಕ್ಕೆ ಅನುಮತಿ ಇರಲಿಲ್ಲ. ಎರಡನೆಯ ಪ್ರತಿಯಲ್ಲಿ ಆ ಭಾಗವನ್ನು ಕೈಬಿಟ್ಟರು. ಆದರೂ ಅದು ಉಳಿದು ಬಂದಿದೆ. ನಮ್ಮ ಹಿರಿಯರು ಮಂತ್ರಿ ಎನ್ನುವ ಕಾಯಿಯನ್ನು ಯುರೋಪಿನವರು ರಾಣಿ ಎನ್ನುತ್ತಾರೆ. ಹಾಸಿನ ಮೇಲೆ ಅದರಷ್ಟು ಬಲವುಳ್ಳ ಕಾಯಿ ಬೇರೊಂದಿಲ್ಲ. ಆತ್ಮದ ಆಟದಲ್ಲಿ ದೀನತೆಯೇ ಆ ರಾಣಿ, ಸ್ವರ್ಗದ ಅರಸನನ್ನು ಶರಣಾಗಿಸುವ ಶಕ್ತಿ ಅದಕ್ಕಿದೆ, ಕನ್ಯಾಮಾತೆಯ ಉದರಕ್ಕೆ ಅವನನ್ನು ಇಳಿಸಿ ತಂದದ್ದೂ ಅದೇ ಎಂಬುದು ತೆರೇಸಮ್ಮನವರ ಭಾವ. 1970ರಲ್ಲಿ ಆರನೇ ಪೌಲ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು. ಎಲೋ ಅವರ ಲೆಕ್ಕ ಅಂಗೀಕಾರವಾದದ್ದೂ ಅದೇ ವರ್ಷ. ಒಂದು ಅಳತೆ ನಮ್ಮನ್ನು ಎಷ್ಟು ಎತ್ತರದಲ್ಲಿದ್ದೇವೆಂದು ಕೇಳುತ್ತದೆ, ಇನ್ನೊಂದು ಎಷ್ಟು ಬಾಗಬಲ್ಲೆವೆಂದು.

ನಮ್ಮ ಪ್ರಭುವೂ ಸೋತವನ ಮುಂದೆ ಸೋತ ಆಟವನ್ನು ತೆರೆದಿಟ್ಟರು. ಸಂತ ಯೊವಾನ್ನರ ಶುಭಸಂದೇಶವನ್ನು ಗಮನವಿಟ್ಟು ಓದಿ. ಪೇತ್ರ ಮೂರು ಬಾರಿ ಗುರುವನ್ನು ಅರಿಯೆನೆಂದದ್ದು ಅಂಗಳದ ಇದ್ದಲಿನ ಬೆಂಕಿಯ ಬಳಿ. ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ ಯೇಸು ಉರಿಸಿಟ್ಟದ್ದೂ ಇದ್ದಲಿನ ಬೆಂಕಿಯನ್ನೇ. ಅಲ್ಲಿ ಮೊದಲು ರೊಟ್ಟಿ ಮತ್ತು ಮೀನು ಉಣಬಡಿಸಿದರು. ಆಮೇಲೆ ಮೂರು ಬಾರಿ, ತನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದರು. ಮೂರನೆಯ ಪ್ರಶ್ನೆಗೆ ಪೇತ್ರನಿಗೆ ನೋವಾಯಿತು. ಆ ನೋವಿನಿಂದ ಪ್ರಭು ಅವನನ್ನು ತಪ್ಪಿಸಲಿಲ್ಲ, ಆ ನೋವಿನಲ್ಲಿ ಒಂಟಿಯಾಗಿ ಬಿಡಲೂ ಇಲ್ಲ. ತನ್ನ ಕುರಿಗಳನ್ನೇ ಅವನ ಕೈಗೆ ಒಪ್ಪಿಸಿದರು.

ಗಣಕಕ್ಕೂ ಗುರುವಿಗೂ ಇರುವ ಅಂತರ ಇಲ್ಲಿದೆ. ಗಣಕವು ನಮ್ಮ ತಪ್ಪನ್ನು ತೋರಿಸುತ್ತದೆ, ಕ್ಷಮಿಸಲಾರದು. ಸೋತ ಆಟದ ಫಲಿತಾಂಶ ಎಂದೆಂದಿಗೂ ಹಾಗೆಯೇ ಉಳಿಯುತ್ತದೆ. ಪಾಪನಿವೇದನೆಯಲ್ಲಿ ಮಾತ್ರ ಸೋತ ಆಟವನ್ನು ತೆರೆದಿಟ್ಟವನು ಹೊಸಬನಾಗಿ ಏಳುತ್ತಾನೆ.

ಆದ್ದರಿಂದ ಈ ವಾರ ಮೂರು ಸಂಕಲ್ಪಗಳನ್ನು ಮಾಡೋಣ. ಆಡುವವರೇ, ಸೋತ ಆಟವನ್ನು ಒಮ್ಮೆ ನೋಡದೆ ಮುಂದಿನ ಆಟ ತೆರೆಯಬೇಡಿ. ಮನೆಯವರು ಕರೆದಾಗ ಆಟ ಸೋತರೂ ಚಿಂತೆಯಿಲ್ಲ, ಎದ್ದು ಬನ್ನಿ. ತಂದೆತಾಯಿಗಳೇ, ಮಗುವನ್ನು "ಗೆದ್ದೆಯಾ?" ಎಂದು ಕೇಳುವ ಬದಲು "ಇಂದು ಏನು ಕಂಡುಕೊಂಡೆ?" ಎಂದು ಕೇಳಿ. ಎಲ್ಲರೂ ಮಲಗುವ ಮುನ್ನ ಐದು ನಿಮಿಷ ದಿನವನ್ನು ತೆರೆದು ಆತ್ಮಶೋಧನೆ ಮಾಡೋಣ: ಮಡದಿಯ ಮೌನ ಏನು ಹೇಳುತ್ತಿತ್ತು? ಮುದುಕಿ ತಾಯಿ ಎರಡು ಸಲ ಕರೆದದ್ದು ಯಾತಕ್ಕೆ? ನನ್ನ ಹಂಚಿಕೆಯಲ್ಲೇ ಮುಳುಗಿ ನಾನು ಯಾರನ್ನು ಕಾಣದೆ ಹೋದೆ?

ಪ್ರಭುವೇ, ನಮ್ಮ ಸೋಲುಗಳನ್ನು ನಿಮ್ಮ ಬೆಳಕಿನಲ್ಲಿ ನೋಡುವ ಧೈರ್ಯ ಕೊಡಿ. ನೋಡಿದ ಮೇಲೆ ಎದ್ದು ನಡೆಯುವ ಬಲವನ್ನೂ ಕೊಡಿ. ಆಮೆನ್.