ಅಡ್ಡಿ ಮಾಡಿದವರಿಗೆ ಕೃತಜ್ಞತೆ ಸಲ್ಲಬೇಕೆ?

ಕೆಲವು ವರ್ಷಗಳ ಹಿಂದೆ ಮಳವಳ್ಳಿ ಕಡೆಯ ಒಂದು ಹಳ್ಳಿಗೆ ‘ಕುರುಕ್ಷೇತ್ರ’ ನಾಟಕ ನೋಡಲು ಹೋಗಿದ್ದೆವು. ಸಂಜೆ ಮಂಡ್ಯದಿಂದ ಹೊರಟು, ಮದ್ದೂರಿನಲ್ಲಿಳಿದು ವಡೆ ತಿಂದು, ಮಳವಳ್ಳಿ ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಈ ಸೀಮೆಯಲ್ಲಿ ಪೌರಾಣಿಕ ನಾಟಕವೆಂದರೆ ಏನೆಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ತಿಂಗಳುಗಟ್ಟಲೆ ಕಂದಪದ್ಯ ಕಲಿಯುತ್ತಾರೆ. ಪಾತ್ರಕ್ಕಾಗಿ ತಾವೇ ಕೈಯಿಂದ ಹಣ ಕೊಡುತ್ತಾರೆ. ದುರ್ಯೋಧನನಾಗಬೇಕೆಂದರೆ ಖರ್ಚು ಇನ್ನೂ ಹೆಚ್ಚು.

ಮಧ್ಯರಾತ್ರಿ ಕಳೆದ ಮೇಲೆ ಕರೆಂಟು ಹೋಯಿತು. ಬಾಡಿಗೆ ಜನರೇಟರ್ ಕೆಮ್ಮಿ ಸುಮ್ಮನಾಯಿತು. ದುರ್ಯೋಧನ ಹಾಡಿನ ನಡುವಿನಲ್ಲಿದ್ದ. ಯಾರೋ ಓಡಿಹೋಗಿ ಎರಡು ಟ್ರ್ಯಾಕ್ಟರ್ ತಂದು ರಂಗಕ್ಕೆ ಮುಖಮಾಡಿ ನಿಲ್ಲಿಸಿದರು. ಆಗ ನಡೆದದ್ದು ವಿಚಿತ್ರ. ಅಲ್ಲಿಯವರೆಗೆ ಆತ ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೆ ಕಟ್ಟಿಹಾಕಿದಂತೆ ನಿಂತಿದ್ದ. ಮೈಕು ಸತ್ತದ್ದೇ ತಡ, ರಂಗದ ಅಂಚಿಗೆ ನಡೆದು ಬಂದ. ದೂರದಲ್ಲಿ ಹರಟುತ್ತಿದ್ದ ಜನ ಕೇಳಿಸಿಕೊಳ್ಳಲು ಹತ್ತಿರ ಸರಿದರು. ಎರಡು ದೀಪಗಳ ಬೆಳಕಿನಲ್ಲಿ ಅವನ ನೆರಳು ಹಿಂದಿನ ಸೀನರಿಯ ಮೇಲೆ ಎರಡಾಗಿ ಬಿದ್ದಿತ್ತು. ಪಕ್ಕದ ಅಜ್ಜ ಹೇಳಿದರು: “ಕರೆಂಟು ಓಗಿದ್ದೇ ಒಳ್ಳೇದಾಯ್ತು ಬುಡಿ.”

ನಾವೂ ತಲೆಯಾಡಿಸಿದೆವು. ಆದರೆ ಆ ಮಾತು ಆಮೇಲೆ ಬಹಳ ದಿನ ನಮ್ಮನ್ನು ಬಿಡಲಿಲ್ಲ. ಶಿವನಸಮುದ್ರ ಇರುವುದು ಇದೇ ಮಳವಳ್ಳಿ ತಾಲೂಕಿನಲ್ಲಿ. 1902ರಲ್ಲಿಯೇ ಅಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು, ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದರು. ನೂರು ವರ್ಷ ಕಳೆದ ಮೇಲೂ ಅದೇ ತಾಲೂಕಿನ ಹಳ್ಳಿಯಲ್ಲಿ ನಾಟಕದ ನಡುವೆ ಕತ್ತಲೆ. ಆ ಕತ್ತಲೆ ಮಳೆಯ ಹಾಗೆ ಆಕಾಶದಿಂದ ಬಿದ್ದದ್ದಲ್ಲ. ಬೆಳಕು ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಎಲ್ಲೋ ಯಾರೋ ತೀರ್ಮಾನಿಸಿದ್ದಾರೆ. ಅಂಥ ಕತ್ತಲೆಯಿಂದ ಒಂದು ಒಳ್ಳೆಯ ಗಳಿಗೆ ಹುಟ್ಟಿದರೆ ನಾವು ಯಾರಿಗೆ ಕೈ ಮುಗಿಯಬೇಕು?

ಸಿನಿಮಾ ಜಗತ್ತಿನಲ್ಲಿ ಈ ಅಜ್ಜನ ಮಾತು ಒಂದು ಸಿದ್ಧಾಂತವೇ ಆಗಿಬಿಟ್ಟಿದೆ. ಹಣವಿಲ್ಲದಿರುವುದು, ತಾರೆಗಳಿಲ್ಲದಿರುವುದು, ಸೆನ್ಸಾರಿನ ಕತ್ತರಿ ಇವೆಲ್ಲ ಸೃಜನಶೀಲತೆಗೆ ಗೊಬ್ಬರ ಎನ್ನುತ್ತಾರೆ. ಇದಕ್ಕೆ ಸಾಕ್ಷಿ ಬೇಕಾದರೆ ಮಂಡ್ಯ ಜಿಲ್ಲೆಯಲ್ಲೇ ಇದೆ. ರಾಮ್ ರೆಡ್ಡಿ ಅವರು ಈರೇಗೌಡರ ಜೊತೆ ಸೇರಿ ಬರೆದು ನಿರ್ದೇಶಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು, ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಅದರಲ್ಲಿ ವೃತ್ತಿನಟರಿಲ್ಲ, ಭಾವನೆಯನ್ನು ಎತ್ತಿ ಹಿಡಿಯುವ ಹಿನ್ನೆಲೆ ಸಂಗೀತವಿಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣ ಜಮೀನು ಮಾರಬೇಕು. ಅದಕ್ಕೆ ಬದುಕಿರುವ ಅಪ್ಪ ಗಡ್ಡಪ್ಪನನ್ನು ಕಾಗದದ ಮೇಲೆ ಸಾಯಿಸಲು ಹೊರಡುತ್ತಾನೆ. ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ. ಬ್ರಾಂದಿ ಸೀಸೆ ಹಿಡಿದು ಸುಮ್ಮನೆ ನಡೆಯುತ್ತಿರುತ್ತಾನೆ.

ಇಲ್ಲಿ ಅಡ್ಡಿ ಕೆಲಸ ಮಾಡಿದ ಬಗೆ ಗಮನಿಸಬೇಕು. ಕ್ಯಾಮೆರಾ ಕಂಡೇ ಇಲ್ಲದ ಹಳ್ಳಿಯ ಮುದುಕರನ್ನು ಬೇರೆ ಯಾರೋ ಆಗಿ ಎನ್ನುವಂತಿಲ್ಲ. ಆಗ ಪಾತ್ರವನ್ನೇ ಆ ಮನುಷ್ಯನ ಬಳಿಗೆ ತರಬೇಕು. ಅವನ ನಡಿಗೆ, ಅವನ ಬೈಗುಳ, ಅವನು ಮಾತಿನ ನಡುವೆ ಬಿಡುವ ಉಸಿರು ಇವುಗಳ ಅಳತೆಗೆ ಕಥೆಯನ್ನು ಹೊಲಿಯಬೇಕು. ತೆರೆಯ ಮೇಲೆ ಹಾಸ್ಯಕ್ಕಷ್ಟೇ ಬಳಕೆಯಾಗುತ್ತಿದ್ದ ಮಂಡ್ಯದ ಮಾತು ‘ತಿಥಿ’ಯಲ್ಲಿ ಸಾವನ್ನೂ ಆಸೆಯನ್ನೂ ಹೇಳುವ ಭಾಷೆಯಾಯಿತು. ನಟರ ಕೊರತೆಯಿಂದ ಇಷ್ಟು ದೊಡ್ಡ ಲಾಭ!

ಆದರೆ ಆಮೇಲೆ ಏನಾಯಿತು ನೋಡಿ. ಗಡ್ಡಪ್ಪನಾಗಿ ಹೆಸರಾದ ಚನ್ನೇಗೌಡರು, ಸೆಂಚುರಿ ಗೌಡರಾದ ಸಿಂಗ್ರಿಗೌಡರು, ಇವರನ್ನು ಹಾಕಿಕೊಂಡು ‘ತರ್ಲೆ ವಿಲೇಜ್’ ಮೊದಲಾದ ಚಿತ್ರಗಳು ಬಂದವು. ಅದೇ ಹಳ್ಳಿಯ ಬದುಕು, ತರಬೇತಿಯಿಲ್ಲದ ಅದೇ ಮುಖಗಳು. ಅಡ್ಡಿಯೇ ಕಲೆಯನ್ನು ಹುಟ್ಟಿಸುವುದಾದರೆ ಇವೂ ‘ತಿಥಿ’ಯಷ್ಟೇ ಒಳ್ಳೆಯ ಚಿತ್ರಗಳಾಗಬೇಕಿತ್ತು. ನಮಗಂತೂ ಹಾಗನ್ನಿಸಲಿಲ್ಲ. ಮೊದಲ ಚಿತ್ರದಲ್ಲಿ ಮನುಷ್ಯರಾಗಿದ್ದವರು ಇಲ್ಲಿ ತಮ್ಮದೇ ಅಣಕದಂತೆ ಕಂಡರು. ಕೊರತೆ ಎರಡೂ ಕಡೆ ಒಂದೇ. ಒಂದು ಕಡೆ ಅದನ್ನು ಪ್ರಶ್ನೆಯೆಂದು ತೆಗೆದುಕೊಂಡು ವರ್ಷಗಟ್ಟಲೆ ಉತ್ತರ ಹುಡುಕಿದವರಿದ್ದರು. ಸಿಂಗ್ರಿಗೌಡರು 2020ರಲ್ಲಿ, ಚನ್ನೇಗೌಡರು 2025ರಲ್ಲಿ ತೀರಿಕೊಂಡರು. ರಾಮ್ ರೆಡ್ಡಿ ಅವರಿಗೆ ಆ ಹಳ್ಳಿ ಆರಿಸಿಕೊಂಡ ಮಿತಿ. ಈ ಇಬ್ಬರು ಹಿರಿಯರಿಗೆ ಅದು ಬಾಳೇ ಆಗಿತ್ತು, ಆರಿಸಿಕೊಳ್ಳುವ ಮಾತೇ ಇರಲಿಲ್ಲ.

ಆರಿಸಿಕೊಂಡ ಅಡ್ಡಿ, ಹೇರಿದ ಅಡ್ಡಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಡೆನ್ಮಾರ್ಕಿನ ‘ದಿ ಫೈವ್ ಅಬ್‌ಸ್ಟ್ರಕ್ಷನ್ಸ್’ (2003) ಚಿತ್ರವನ್ನು ಉದಾಹರಿಸುವುದುಂಟು. ಅದರಲ್ಲಿ ಲಾರ್ಸ್ ಫಾನ್ ಟ್ರಿಯರ್ ಎಂಬ ನಿರ್ದೇಶಕ ತನ್ನ ಹಿರಿಯ ಯೋರ್ಗೆನ್ ಲೆತ್‌ಗೆ, 1967ರಲ್ಲಿ ಆತ ಮಾಡಿದ್ದ ಕಿರುಚಿತ್ರವೊಂದನ್ನು ಮತ್ತೆ ಮತ್ತೆ ಹೊಸ ಷರತ್ತುಗಳೊಡನೆ ಮಾಡಲು ಹೇಳುತ್ತಾನೆ. ಯಾವ ಶಾಟೂ ಹನ್ನೆರಡು ಫ್ರೇಮು, ಅಂದರೆ ಅರ್ಧ ಸೆಕೆಂಡು ದಾಟಬಾರದು ಎಂಬುದು ಮೊದಲ ಷರತ್ತುಗಳಲ್ಲೊಂದು. ಲೆತ್ ಕ್ಯೂಬಾಕ್ಕೆ ಹೋಗಿ ಚೆಂದವಾಗಿಯೇ ಮಾಡಿ ತರುತ್ತಾನೆ. ಎರಡನೆಯದು: ಜಗತ್ತಿನ ಅತ್ಯಂತ ದಾರುಣ ಜಾಗಕ್ಕೆ ಹೋಗಬೇಕು, ಆದರೆ ಆ ಜಾಗವನ್ನು ತೋರಿಸಬಾರದು. ಲೆತ್ ಆರಿಸಿದ್ದು ನಮ್ಮ ಮುಂಬೈಯ ಫಾಕ್‌ಲ್ಯಾಂಡ್ ರಸ್ತೆಯ ವೇಶ್ಯಾವಾಟಿಕೆ. ಸೂಟು ಧರಿಸಿ, ಬೀದಿಯಲ್ಲಿ ಮೇಜು ಹಾಕಿಸಿ ಊಟ ಮಾಡುತ್ತಾನೆ. ಬೆನ್ನ ಹಿಂದೆ ಅರೆಪಾರದರ್ಶಕ ಪರದೆ, ಅದರಾಚೆ ನಿಂತು ನೋಡುತ್ತಿರುವ ಆ ಬೀದಿಯ ಹೆಂಗಸರು, ಮಕ್ಕಳು. ಷರತ್ತು ಮುರಿದೆ ಎಂದು ಫಾನ್ ಟ್ರಿಯರ್ ಸಿಟ್ಟಾಗುತ್ತಾನೆ. ಅವರಿಬ್ಬರ ಜಗಳ ಪರದೆಯ ಕುರಿತು. ನಮ್ಮ ಕಣ್ಣು ಹೋಗುವುದು ಪರದೆಯ ಹಿಂದಿನವರ ಕಡೆಗೆ. ಈ ಇಬ್ಬರ ಆಟದಲ್ಲಿ ಅವರಿಗೊಂದು ಷರತ್ತೂ ಇಲ್ಲ, ಮಾತೂ ಇಲ್ಲ. ಅಲ್ಲಿಂದ ಎದ್ದು ಹೋಗುವ ಸ್ವಾತಂತ್ರ್ಯವಿರುವುದು ಊಟ ಮಾಡುತ್ತಿರುವವನಿಗೆ ಮಾತ್ರ.

ನಿಜವಾಗಿ ಹೇರಿದ ಅಡ್ಡಿಯನ್ನು ಬಲ್ಲವರು ಇರಾನಿನ ನಿರ್ದೇಶಕರು. ಅಲ್ಲಿನ ನಿಯಮದಂತೆ ತೆರೆಯ ಮೇಲಿನ ಹೆಣ್ಣು ತನ್ನ ಮನೆಯೊಳಗೆ, ಗಂಡನೆದುರಿಗೂ ತಲೆ ಮುಚ್ಚಿಕೊಂಡೇ ಇರಬೇಕು. ಹೀಗಾಗಿ ಮನೆಯೊಳಗಿನ ದೃಶ್ಯವೇ ಸುಳ್ಳಾಗುತ್ತದೆ. ಸುಳ್ಳು ಹೇಳಲೊಲ್ಲದವರು ಬೀದಿಗೆ, ಬೆಟ್ಟಕ್ಕೆ, ಕಾರಿನೊಳಕ್ಕೆ, ಮಕ್ಕಳ ಲೋಕಕ್ಕೆ ಹೋದರು. ಗೆಳೆಯನ ನೋಟ್‌ಬುಕ್ ಹಿಂದಿರುಗಿಸಲು ಪಕ್ಕದೂರಿಗೆ ಓಡುವ ಹುಡುಗನ ಮೂಲಕ ಅಬ್ಬಾಸ್ ಕಿಯರೊಸ್ತಮಿ 1987ರಲ್ಲಿ ಕರ್ತವ್ಯ, ಆಜ್ಞೆ, ಆತ್ಮಸಾಕ್ಷಿ ಎಲ್ಲವನ್ನೂ ಹೇಳಿದರು. ಜಾಫರ್ ಪನಾಹಿಗೆ 2010ರಲ್ಲಿ ಆರು ವರ್ಷ ಜೈಲು, ಇಪ್ಪತ್ತು ವರ್ಷ ಸಿನಿಮಾ ಮಾಡಕೂಡದೆಂಬ ಶಿಕ್ಷೆ. ಮರುವರ್ಷವೇ ಮನೆಯೊಳಗೆ ಕುಳಿತು ‘ಇದು ಸಿನಿಮಾ ಅಲ್ಲ’ ಎಂದು ಹೆಸರಿಟ್ಟು ಒಂದು ಸಿನಿಮಾ ಮಾಡಿದರು. ಅದು ಪುಟ್ಟ ಯುಎಸ್‌ಬಿಯಲ್ಲಿ ಕಾನ್ ಉತ್ಸವ ಸೇರಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಚಿತ್ರದೊಳಗೆ ಒಂದು ಗಳಿಗೆಯಿದೆ. ಮಾಡಲು ಬಿಡದ ಕಥೆಯ ಕೋಣೆಯನ್ನು ಪನಾಹಿ ಮನೆಯ ರತ್ನಗಂಬಳಿಯ ಮೇಲೆ ಟೇಪು ಅಂಟಿಸಿ ಗುರುತಿಸುತ್ತಾರೆ. ಇಲ್ಲಿ ಬಾಗಿಲು, ಇಲ್ಲಿ ಕಿಟಕಿ ಎಂದು ಉತ್ಸಾಹದಿಂದ ವಿವರಿಸುತ್ತ ಹೋದವರು ಥಟ್ಟನೆ ನಿಲ್ಲುತ್ತಾರೆ. ಬಾಯಿಮಾತಿನಲ್ಲಿ ಹೇಳಿ ಮುಗಿಸಬಹುದಾಗಿದ್ದರೆ ಸಿನಿಮಾ ಏಕೆ ಮಾಡಬೇಕಿತ್ತು ಎಂದು ಕೇಳಿ ಆಚೆ ಹೋಗಿಬಿಡುತ್ತಾರೆ. ಅಡ್ಡಿಯಿಂದ ಹುಟ್ಟಿದ ಚಿತ್ರ ನಮ್ಮ ಮುಂದಿದೆ, ಸರಿ. ಅಡ್ಡಿ ಕೊಂದ ಚಿತ್ರ ಆ ಗಂಬಳಿಯ ಮೇಲಿನ ಟೇಪು. ನಾವು ಲೆಕ್ಕವಿಡುವುದು ಗೋಡೆ ಹಾರಿ ಬಂದವರನ್ನು ಮಾತ್ರ. ಹಾರಲಾಗದೆ ಆಚೆಯೇ ಉಳಿದವರ ಹೆಸರು ಯಾವ ಉತ್ಸವದ ಪಟ್ಟಿಯಲ್ಲೂ ಇರುವುದಿಲ್ಲ.

ಹಾಗಾದರೆ ಅಜ್ಜ ಹೇಳಿದ್ದು ತಪ್ಪೇ? ಹಾಗೆನ್ನಲೂ ಮನಸ್ಸು ಬಾರದು. ಅಜ್ಜ ಹೊಗಳಿದ್ದು ಕತ್ತಲೆಯನ್ನಲ್ಲ, ತನ್ನೂರಿನ ದುರ್ಯೋಧನನನ್ನು. ಆ ರೈತನ ಗಂಟಲು, ಆರು ತಿಂಗಳ ಅಭ್ಯಾಸ, ಟ್ರ್ಯಾಕ್ಟರ್ ತಂದವರ ಬುದ್ಧಿ ಇವು ಕರೆಂಟು ಹೋಗುವ ಮುಂಚೆಯೂ ಇದ್ದವು. ಕಂಡದ್ದು ಆಗ. ಅದೇ ಮಾತನ್ನು ಕರೆಂಟು ಕಡಿದವನು ಹೇಳಿದ್ದರೆ ನಮಗೆ ಸಿಟ್ಟು ಬರುತ್ತಿತ್ತು. ಬರಲೂ ಬೇಕು. ‘ಕಷ್ಟ ಕೊಟ್ಟದ್ದರಿಂದಲೇ ನೀನು ಗಟ್ಟಿಯಾದೆ’ ಎಂಬ ಮಾತು ಗಟ್ಟಿಯಾದವನ ಬಾಯಲ್ಲಿ ವಿನಯ, ಕಷ್ಟ ಕೊಟ್ಟವನ ಬಾಯಲ್ಲಿ ಅಹಂಕಾರ. ಸಬ್ಸಿಡಿ ಕಡಿತ ಮಾಡುವ ಅಧಿಕಾರಿಯೂ ಸಂಬಳ ಕೊಡದ ನಿರ್ಮಾಪಕನೂ ಈ ಮಾತನ್ನು ಬಲು ಬೇಗ ಕಲಿಯುತ್ತಾರೆ.

ಆ ರಾತ್ರಿಯ ಒಂದು ಸಂಗತಿ ಹೇಳುವುದು ಉಳಿದಿದೆ. ಇಂಥ ನಾಟಕಗಳಲ್ಲಿ ಊರಿನ ಹೆಂಗಸರು ಸಾಮಾನ್ಯವಾಗಿ ರಂಗ ಹತ್ತುವುದಿಲ್ಲ. ಸ್ತ್ರೀಪಾತ್ರಗಳಿಗೆ ಪಟ್ಟಣದಿಂದ ಕಲಾವಿದೆಯರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಮೂರು ಗಂಟೆಯ ಹೊತ್ತಿಗೆ ಕರೆಂಟು ಬಂತು, ದುರ್ಯೋಧನ ಮತ್ತೆ ಮೈಕಿನ ಕೆಳಗೆ ಹೋಗಿ ನಿಂತ, ಹತ್ತಿರ ಬಂದಿದ್ದ ಜನ ತಂತಮ್ಮ ಜಾಗಕ್ಕೆ ಮರಳಿದರು. ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಿದ್ದಾಗ ದ್ರೌಪದಿಯ ಪಾತ್ರ ಮಾಡಿದ್ದಾಕೆಯೂ ಚೀಲ ಹಿಡಿದು ನಿಂತಿದ್ದರು. ಕತ್ತಲೆಯಲ್ಲಿ ನಾಟಕ ಎಷ್ಟು ಚೆನ್ನಾಗಿತ್ತು ಎಂದು ನಾವು ಹೇಳಿದೆವು. ಅವರು ನಕ್ಕು, ಬಟ್ಟೆ ಸುತ್ತಿದ್ದ ಹೆಬ್ಬೆರಳು ತೋರಿಸಿದರು.

“ಟ್ರ್ಯಾಕ್ಟರ್ ಎರಡೂ ಸ್ಟೇಜ್ ಕಡೆಗಿತ್ತಲ್ಲ ಸಾರ್. ಒಳಗೆ ಕತ್ಲಲ್ಲೇ ಸೀರೆ ಉಟ್ಕೊಂಡೆ. ಪಿನ್ನು ಚುಚ್ಕೊಂಡ್ತು.”