ಆಟಿಯ ಕಷಾಯ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ತುಳುವರು ಹಾಲೆಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮುನ್ನ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ. ಕುಡಿದ ಮೇಲೆ ಮೆಂತೆಗಂಜಿ. ಮಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆಯುವ ಮಗಳಿಗೆ ಇದನ್ನು ಕುಡಿಸುವ ಹಕ್ಕು ನನಗುಂಟೇ? ಅದರ ಔಷಧಗುಣವನ್ನು ನಾನೇ ಪೂರ್ತಿ ನಂಬಿದವನಲ್ಲ. ನಂಬದ್ದನ್ನು ಕಲಿಸುವುದು ಸುಳ್ಳಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ‘ರೋಗವೇ ಬಾರದು’ ಎಂದರೆ ಸುಳ್ಳು. ‘ನಿನ್ನ ಅಜ್ಜಿ ಕುಡಿಯುತ್ತಾ ಬಂದದ್ದು’ ಎಂದರೆ ನಿಜ.

ಭಾಷೆಯ ಮಾತು ಬೇರೆ. 2010–11ರಿಂದ ಶಾಲೆಗಳಲ್ಲಿ ತುಳು ಐಚ್ಛಿಕ ತೃತೀಯ ಭಾಷೆ, ಸಂತೋಷ. ಆದರೆ ಮುದ್ದು, ಬೈಗುಳ ಪಠ್ಯದಲ್ಲಿ ಸಿಗುವುದುಂಟೇ? ಅಜ್ಜಿ ತುಳುವಿನಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ‘ಅದು ಅವಳ ಆಯ್ಕೆ’ ಎನ್ನಲಾರೆ. ಆಯ್ದುಕೊಳ್ಳಲು ಮೊದಲು ಎರಡೂ ಅವಳ ಬಾಯಲ್ಲಿರಬೇಕಷ್ಟೆ. ಕಷಾಯವನ್ನು ಬೇಕಾದರೆ ಉಗುಳಲಿ, ಅಡ್ಡಿಯಿಲ್ಲ. ತುಳುವಿನಲ್ಲೇ ನನ್ನನ್ನು ಬೈದು ಉಗುಳಲಿ.